ಮೊಬೈಲಿಗೆ ಹಳೆಯ ಆವೃತ್ತಿ ಹಾಕಿಸುವ ಮುನ್ನ



ಮೊಬೈಲಿಗೆ ಹೊಸ ಆವೃತ್ತಿ ಹಾಕಿಕೊಂಡ ಮೇಲೆ ಬ್ಯಾಟರಿ ಬೇಗ ಇಳಿಯುತ್ತದೆ, ಲೆಕ್ಕದ ಆ್ಯಪ್ ತೆರೆಯುವುದಿಲ್ಲ, ಮೊದಲಿನದನ್ನೇ ಹಾಕಿಸಬಹುದೇ ಎಂದು ಹಲವರು ನಮ್ಮನ್ನು ಕೇಳುತ್ತಿದ್ದಾರೆ. ಕೆಲವು ಫೋನುಗಳಿಗೆ ಮಾತ್ರ ಸಾಧ್ಯ. ಅದೂ ಸಾಮಾನ್ಯವಾಗಿ ಒಳಗಿರುವುದನ್ನೆಲ್ಲ ಕಳೆದುಕೊಂಡು.

ಆಂಡ್ರಾಯ್ಡ್ ಫೋನಿನಲ್ಲಿ ಬಹುಮಟ್ಟಿಗೆ ಮೊದಲು ಬೂಟ್‌ಲೋಡರಿನ ಬೀಗ ತೆಗೆಯಬೇಕು. ತೆಗೆದೊಡನೆ ಸಂಗ್ರಹವೆಲ್ಲ ಅಳಿಸಿಹೋಗುತ್ತದೆ. ಬಟವಾಡೆಯ ಲೆಕ್ಕ, ತೂಕದ ಚೀಟಿಯ ಫೋಟೋ, ಯಾವುದೂ ಉಳಿಯದು. ಎಷ್ಟೋ ತಯಾರಕರು ಬೀಗ ತೆಗೆಯಲು ಬಿಡುವುದೇ ಇಲ್ಲ. ಬಿಟ್ಟರೂ ದಾರಿ ಮುಚ್ಚಿರಬಹುದು: 2022ರ ಆಗಸ್ಟಿನಲ್ಲಿ ಪಿಕ್ಸೆಲ್ 6 ಫೋನುಗಳಿಗೆ ಆಂಡ್ರಾಯ್ಡ್ 13 ಬಂದಾಗ, ಹಳೆಯ ಬೂಟ್‌ಲೋಡರಿನಲ್ಲಿ ಭದ್ರತಾ ದೋಷವಿದ್ದುದರಿಂದ ಅದಕ್ಕೆ ಮರಳದಂತೆ ಗೂಗಲ್ ತಡೆಯಿಟ್ಟಿತು.

ಐಫೋನಿಗೆ ಆಪಲ್ ಕಂಪನಿಯ ಒಪ್ಪಿಗೆಯ ಮುದ್ರೆಯಿದ್ದ ಆವೃತ್ತಿ ಮಾತ್ರ ಸೇರುತ್ತದೆ. ಹೊಸದು ಬಂದ ಸ್ವಲ್ಪ ಕಾಲದಲ್ಲೇ ಹಳೆಯದಕ್ಕೆ ಆ ಮುದ್ರೆ ನಿಂತುಹೋಗುತ್ತದೆ. ಹೊಸದರಲ್ಲಿ ತೆಗೆದ ಬ್ಯಾಕಪ್ ಹಳೆಯದಕ್ಕೆ ಸಾಮಾನ್ಯವಾಗಿ ಹೊಂದುವುದೂ ಇಲ್ಲ.

ಮೊದಲು ಲೆಕ್ಕವನ್ನು ಪುಸ್ತಕಕ್ಕೆ ಇಳಿಸಿಕೊಳ್ಳಿ, ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿಸಿ. ಅನಂತರ ಆ್ಯಪನ್ನು ನವೀಕರಿಸಿ, ಒಂದು ವಾರ ನೋಡಿ. ಆರಂಭದ ದಿನಗಳಲ್ಲಿ ಫೋನು ಒಳಗಿನ ಕೆಲಸ ಮುಗಿಸಿಕೊಳ್ಳುತ್ತಿರುವುದರಿಂದ ಬ್ಯಾಟರಿ ಹೆಚ್ಚು ಖರ್ಚಾಗುವುದುಂಟು. ಹಾಗೂ ಬೀಗ ತೆಗೆಸುವುದೇ ಆದರೆ, ಅಂಥ ಫೋನಿನಲ್ಲಿ ಎಷ್ಟೋ ಬ್ಯಾಂಕ್ ಆ್ಯಪ್‌ಗಳು ನಡೆಯುವುದಿಲ್ಲ. ರಿಪೇರಿ ಅಂಗಡಿಯವರು ಇದನ್ನು ಹೇಳಲಿಕ್ಕಿಲ್ಲ.