ನಮ್ಮ ಬೇಲಿಯ ಕವಳೆಹಣ್ಣು

ಕಳೆದ ವರ್ಷ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಸ್ವೀಡನ್ ದೇಶದಿಂದ ಬಂದವಳು ಕೆಂಪು ಹಣ್ಣಿನ ಪಾಕದ ಸೀಸೆಯೊಂದನ್ನು ನನ್ನ ಕೈಯಲ್ಲಿಟ್ಟು, "ಅಮ್ಮಾ, ಈ ಲಿಂಗೊನ್‌ಬೆರಿ ಗಿಡವನ್ನು ತ್ಯಾಗರಾಜನಗರದ ನಮ್ಮ ಹಿತ್ತಲಲ್ಲಿ ಬೆಳೆಸಬಹುದೇ?" ಎಂದು ಕೇಳಿದಳು. ಆಗ ನಾನು ಕೊಟ್ಟ ಉತ್ತರವು ಅರೆಯಾಗಿತ್ತು. ಉಳಿದುದನ್ನು ಅವಳಿಗೂ ಇತರ ತಾಯಂದಿರಿಗೂ ಇಲ್ಲಿ ತಿಳಿಸುತ್ತೇನೆ.

ಲಿಂಗೊನ್‌ಬೆರಿಯು ಮೊಳಕಾಲೆತ್ತರವೂ ಏರದ ನಿತ್ಯಹಸುರಿನ ಗಿಡವು. ಉತ್ತರ ಐರೋಪ್ಯದ ಕಾಡುಗಳಲ್ಲಿ ಅದು ತಾನಾಗಿ ಹಬ್ಬುವುದು. ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಹಣ್ಣಾಗುವುದು. ಅದಕ್ಕೆ ಹುಳಿಗುಣದ ಮಣ್ಣೂ ದೀರ್ಘವಾದ ಚಳಿಗಾಲವೂ ಬೇಕು. ಜನವರಿಯ ರಾತ್ರಿಯಲ್ಲಿಯೂ ಸಾಧಾರಣವಾಗಿ 15 ಡಿಗ್ರಿಯ ಆಸುಪಾಸಿನಲ್ಲಿಯೇ ನಿಲ್ಲುವ ಬೆಂಗಳೂರಿನ ಚಳಿಯು ಅದಕ್ಕೆ ಸಾಲದು. ಆದುದರಿಂದ ಅದನ್ನು ಇಲ್ಲಿ ನೆಟ್ಟು ದುಃಖಪಡುವುದು ಬೇಡ. ಅದೇ ಹುಳಿಯನ್ನೂ ಅದೇ ಕೆಂಪನ್ನೂ ಕೊಡುವ ಗಿಡವು ನಮ್ಮಲ್ಲಿಯೇ ಉಂಟು. ಅದು ಯಾವುದೆಂದರೆ, ಕರಾವಳಿಯವರು ಕರಂಡೆಯೆಂದು ಕರೆಯುವ ಕವಳೆ.

ನನ್ನ ಬಾಲ್ಯದಲ್ಲಿ ನಮ್ಮ ಮನೆಗೆ ಕವಳೆಯ ಬೇಲಿಯಿತ್ತು. ಮುಂದೆ ಆ ಬೇಲಿಯನ್ನು ಕಡಿಸಿ ಗೋಡೆ ಕಟ್ಟಿಸಿದಾಗ ಒಪ್ಪಿದವರಲ್ಲಿ ನಾನೂ ಒಬ್ಬಳು. ಹಣ್ಣಿನ ಬೀಜಗಳನ್ನು ಒಣಗಿಸಿ ಬೆಂಕಿಪೊಟ್ಟಣದಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದೆನು. ಮರುವರ್ಷ ಬಿತ್ತಲಾಗಿ ಒಂದೂ ಮೊಳೆಯಲಿಲ್ಲ. ಏಕೆಂದರೆ, ಕವಳೆಯ ಬೀಜವು ಹಣ್ಣಿನಿಂದ ತೆಗೆದ ಬಳಿಕ ಬಹುಬೇಗನೆ ತನ್ನ ಜೀವವನ್ನು ಕಳೆದುಕೊಳ್ಳುವುದು. ಆ ಬೇಲಿಯ ಸಂತತಿಯು ಅಲ್ಲಿಗೇ ಮುಗಿಯಿತು.

ಆದಕಾರಣ ಮಾಗಿದ ಹಣ್ಣಿನ ಬೀಜವನ್ನು ತೊಳೆದು ಕೂಡಲೇ ಬಿತ್ತತಕ್ಕದ್ದು. ಒಂದು ವರ್ಷದ ಸಸಿಯನ್ನು ಮುಂಗಾರಿನ ಮೊದಲ ಮಳೆಗೆ ನೆಡಬೇಕು. ಒಂದೂವರೆ ಅಡಿಯ ಗುಂಡಿ ತೋಡಿ, ಕಳಿತ ಗೊಬ್ಬರವನ್ನು ಮಣ್ಣಿನೊಡನೆ ಬೆರೆಸಿ ತುಂಬಿರಿ. ಬೇಲಿಗಾದರೆ ಗಿಡದಿಂದ ಗಿಡಕ್ಕೆ 3 ಅಡಿ ಸಾಕು. ಹಿತ್ತಲಿಲ್ಲದವರು ಮಾಳಿಗೆಯ ಮೇಲೆ ದೊಡ್ಡ ಕುಂಡದಲ್ಲಿ ಬೆಳೆಸಬಹುದು. ಬಿಸಿಲು ಚೆನ್ನಾಗಿ ಬೀಳಬೇಕು. ಬುಡದಲ್ಲಿ ನೀರು ನಿಲ್ಲಬಾರದು. ಬೇರು ಹಿಡಿದ ಮೇಲೆ ಈ ಗಿಡವು ಬರವನ್ನೂ ಬಡ ಮಣ್ಣನ್ನೂ ತಾಳಿಕೊಳ್ಳುವುದು. ಬೀಜದ ಗಿಡವು ನೆಟ್ಟ ಮೂರನೆಯ ವರ್ಷದ ಸುಮಾರಿಗೆ ಫಲಕ್ಕೆ ಬರುವುದು.

ಬೇಸಗೆಯ ಮೊದಲಲ್ಲಿ ಮಲ್ಲಿಗೆಯನ್ನು ಹೋಲುವ ಬಿಳಿಯ, ಸುವಾಸನೆಯ ಹೂಗಳು ಕಾಣಿಸುವವು. ಹಸುರು ಕಾಯಿಯು ಕ್ರಮೇಣ ಕೆಂಪಾಗಿ, ಕಡೆಗೆ ಕಪ್ಪು ಮಿಶ್ರಿತ ನೇರಳೆಯಾಗುವುದು. ಎಲ್ಲವೂ ಒಮ್ಮೆಗೇ ಮಾಗುವುದಿಲ್ಲವಾದ್ದರಿಂದ ಕೆಲವು ದಿನಗಳಿಗೊಮ್ಮೆ ಆರಿಸಿ ಕೊಯ್ಯಬೇಕು. ಮುಳ್ಳುಗಳು ಗಟ್ಟಿಯಾಗಿರುವವು, ಕೈಗವಸು ಹಾಕಿಕೊಳ್ಳಿರಿ. ಕಾಯಿಯ ಹಾಲು ಅಂಟುವುದರಿಂದ ಉಪ್ಪುನೀರಿನಲ್ಲಿ ನೆನೆಸಿ ತೊಳೆಯಿರಿ. ಕೊಯ್ಲು ಮುಗಿದ ಮೇಲೆ ಕೊಂಬೆಗಳನ್ನು ಸವರಿದರೆ ಗಿಡವು ಮತ್ತೆ ಚಿಗುರುವುದು.

ಎಳೆಯ ಕಾಯಿಯು ಉಪ್ಪಿನಕಾಯಿಗೂ ಗೊಜ್ಜಿಗೂ ಒಳ್ಳೆಯದು. ಪೂರ್ಣ ಮಾಗಿದುದು ಹಾಗೆಯೇ ತಿನ್ನಲು ರುಚಿ. ಕೆಂಪಾಗುತ್ತಿರುವ ಹಣ್ಣಿನಲ್ಲಿ ಪೆಕ್ಟಿನ್ ಹೆಚ್ಚಾಗಿರುವುದರಿಂದ, ಬೇಯಿಸಿ ಸೋಸಿದ ರಸಕ್ಕೆ ಸಕ್ಕರೆ ಹಾಕಿ ಕಾಯಿಸಿದರೆ ಜೆಲ್ಲಿಯು ತಾನಾಗಿ ಗಟ್ಟಿಯಾಗುವುದು. ಲಿಂಗೊನ್‌ಬೆರಿಯಲ್ಲಿ ಬೆಂಜೋಯಿಕ್ ಆಮ್ಲವು ಸ್ವಾಭಾವಿಕವಾಗಿ ಇರುವುದರಿಂದ ಅಲ್ಲಿಯವರು ಅದನ್ನು ಬರಿಯ ನೀರಿನಲ್ಲಿಟ್ಟೇ ಕಾಪಾಡುವರು. ಕವಳೆಗೆ ಉಪ್ಪೋ ಸಕ್ಕರೆಯೋ ಬೇಕು.

ಮಕ್ಕಳಿಗೆ ಒಂದು ಎಚ್ಚರಿಕೆಯ ಮಾತು. ವಿಷವುಳ್ಳ ಕಣಗಿಲೆಯು ಇದೇ ಕುಟುಂಬದ ಗಿಡವು. ಹಾಲು ಬರುವ ಗಿಡದ ಕಾಯನ್ನು ಹಿರಿಯರು ಗುರುತಿಸಿ ಹೇಳಿದ ಹೊರತು ಬಾಯಿಗಿಡಬಾರದು.

ಕೆಲವು ವಸ್ತುಗಳನ್ನು ಪೆಟ್ಟಿಗೆಯಲ್ಲಿಟ್ಟು ಕಾಪಾಡಬಹುದು; ಕವಳೆಯನ್ನು ನೆಲದಲ್ಲಿಟ್ಟೇ ಕಾಪಾಡಬೇಕು. ಕಳೆದ ಮಳೆಗಾಲದಲ್ಲಿ ನಾನು ಒಂದು ಸಸಿಯನ್ನು ಗೋಡೆಯ ಪಕ್ಕದಲ್ಲಿಯೇ ನೆಟ್ಟಿದ್ದೇನೆ. ಅದು ಫಲ ಕೊಟ್ಟ ವರ್ಷ ಬಂದು ಕೇಳುವ ವಿದ್ಯಾರ್ಥಿನಿಯರಿಗೆ ಹಸಿಯ ಬೀಜಗಳನ್ನು ಕೊಡುವೆನು. ಅವುಗಳನ್ನು ಅದೇ ದಿನ ಬಿತ್ತುವೆವೆಂದು ಅವರು ಮಾತು ಕೊಡಬೇಕು.