ಹಾಸು ಮುಗಿದ ವಾರದ ಪ್ರವಾಸ

ಚಳ್ಳಕೆರೆ ಕಡೆ ಪ್ರವಾಸದ ಲೆಕ್ಕ ಶುರುವಾಗಬೇಕಾದ್ದು ಊರಿನ ಹೆಸರಿನಿಂದಲ್ಲ, ದುಡ್ಡು ಯಾವ ತಿಂಗಳು ಕೈಗೆ ಬರುತ್ತದೆ ಎಂಬುದರಿಂದ. ಮಳೆ ನಂಬಿ ಜೂನ್, ಜುಲೈನಲ್ಲಿ ಶೇಂಗಾ ಬಿತ್ತಿದ ಮನೆಗೆ ಕಾಸು ಕಾಣುವುದು ದೀಪಾವಳಿ ಕಳೆದ ಮೇಲೆ. ಶಾಲೆಗೆ ದಸರಾ ರಜೆ ಸಿಗುವ ಹೊತ್ತಿಗೆ ಗಿಡ ಇನ್ನೂ ಹೊಲದಲ್ಲೇ ಇರುತ್ತದೆ. ಆಗ ಹೊರಟರೆ ಸಾಲ ಮಾಡಿಯೇ ಹೊರಡಬೇಕು. ನಾನು ಎಣ್ಣೆ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವನು, ಜೊತೆಗೆ ಸ್ವಲ್ಪ ಹೊಲವೂ ಇದೆ. ಒಡವೆ ಅಡವಿಟ್ಟು ತಿರುಪತಿಗೋ ಗೋವೆಗೋ ಹೋಗಿ ಬಂದವರು ಮುಂದಿನ ಸುಗ್ಗಿಯವರೆಗೂ ಬಡ್ಡಿ ಕಟ್ಟುವುದನ್ನು ಹತ್ತಿರದಿಂದ ನೋಡಿದ್ದೇನೆ.

ಹಾಗಾಗಿ ಶೇಂಗಾ ಮಾರಿದ ದುಡ್ಡಿನಲ್ಲಿ ಮೊದಲ ಪಾಲು ಬೆಳೆಸಾಲಕ್ಕೆ. ಸಹಕಾರ ಸಂಘದಲ್ಲಿ 5 ಲಕ್ಷ ರೂಪಾಯಿವರೆಗೆ ಬಡ್ಡಿಯಿಲ್ಲದ ಬೆಳೆಸಾಲ ಸಿಗುತ್ತದೆ, ಆದರೆ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಗಡುವು ದಾಟಿದರೆ ಬಡ್ಡಿ ಬೀಳುತ್ತದೆ, ಮುಂದಿನ ಸಾಲಕ್ಕೂ ತೊಡಕು. ಎರಡನೆಯ ಪಾಲು ಬೀಜ, ಗೊಬ್ಬರಕ್ಕೆ. ಪ್ರವಾಸದ ದುಡ್ಡನ್ನು ಇದರಲ್ಲಿ ಮುಟ್ಟುವುದೇ ಇಲ್ಲ. ಅದಕ್ಕೆಂದು ಫೆಬ್ರುವರಿಯಲ್ಲಿ ಬ್ಯಾಂಕಿನಲ್ಲಿ ಹತ್ತು ತಿಂಗಳ ಆರ್‌ಡಿ ಮಾಡಿಸುತ್ತೇನೆ, ಸಂಬಳದಿಂದ ತಿಂಗಳಿಗೆ 2,000 ರೂಪಾಯಿ ಹೋಗುತ್ತದೆ. ಡಿಸೆಂಬರಿಗೆ 20,000ದ ಮೇಲೆ ಸ್ವಲ್ಪ ಬಡ್ಡಿ ಸೇರಿ ಕೈಗೆ ಬರುತ್ತದೆ. ಅಂಚೆ ಕಚೇರಿಯ ಆರ್‌ಡಿ ಒಳ್ಳೆಯದೇ, ಆದರೆ ಅದು ಐದು ವರ್ಷದ್ದು. ವರ್ಷದೊಳಗೆ ಬೇಕಾಗುವ ದುಡ್ಡನ್ನು ಅಲ್ಲಿ ಹಾಕಬಾರದು. ಚೀಟಿ ಹಾಕುವವರೂ ಇದ್ದಾರೆ. ಕೂಗಿ ಎತ್ತಿದ ಚೀಟಿಯಲ್ಲಿ ಕಳೆದುಕೊಂಡ ಮೊತ್ತವನ್ನು ಪ್ರವಾಸದ ಖರ್ಚಿಗೆ ಸೇರಿಸಿ ನೋಡಿ, ಆಮೇಲೆ ತೀರ್ಮಾನ ಮಾಡಿ.

ನನ್ನ ಹೆಂಡತಿಯ ತವರು ಮೊಳಕಾಲ್ಮೂರು. ಅಲ್ಲಿ ಲೆಕ್ಕವೇ ಬೇರೆ. ಭಾಮೈದ ರೇಷ್ಮೆ ಸೀರೆ ನೇಯುತ್ತಾನೆ. ಕೂಲಿ ಸೀರೆಯ ಲೆಕ್ಕದಲ್ಲಿ ಬರುತ್ತದೆ, ಮಗ್ಗ ನಿಂತರೆ ಅದೂ ನಿಲ್ಲುತ್ತದೆ. ಅವನನ್ನೂ ಕರೆದುಕೊಂಡು ಹೋಗೋಣ ಎಂದಾಗ ಅವನು ಬಸ್ ಚಾರ್ಜ್ ಕೇಳಲಿಲ್ಲ. ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತಿದ್ದವನು ಹಿಂದಿನ ದಿಂಡಿನಲ್ಲಿ ಉಳಿದ ಹಾಸನ್ನು, ಅಂದರೆ ಉದ್ದನೆಯ ಎಳೆಗಳನ್ನು, ಕೈಯಲ್ಲಿ ಮುಟ್ಟಿ ನೋಡಿ, "ಭಾವ, ಈ ಹಾಸು ಸಂಕ್ರಾಂತಿಗೆ ಮುಗೀತೈತೆ. ಹೊಸಾದು ಜೋಡ್ಸೋಕೆ ಮುಂಚೆ ಆದ್ರೆ ಬರ್ತೀನಿ, ನಡುವೆ ಆಗಲ್ಲ" ಎಂದ. ಅವನ ಮಾತು ನನಗೆ ತುಂಬ ಸರಿ ಎನಿಸಿತು. ಅರ್ಧ ನೇಯ್ದ ಹಾಸನ್ನು ಬಿಟ್ಟು ಬಂದರೆ ಸೀರೆ ತಡವಾಗುತ್ತದೆ, ಮಾಲೀಕನ ಲೆಕ್ಕ ತಪ್ಪುತ್ತದೆ, ಮನೆಗೆ ಬರುವ ಕೂಲಿ ಮುಂದಕ್ಕೆ ಹೋಗುತ್ತದೆ. ಒಂದು ಹಾಸು ಮುಗಿದು ಇನ್ನೊಂದು ಏರುವ ನಡುವಿನ ಬಿಡುವಿನಲ್ಲಿ ಹೊರಟರೆ ನಷ್ಟ ತೀರ ಕಡಿಮೆ. ದಿನಗೂಲಿಯಲ್ಲಿ ಬದುಕುವ ಯಾವ ಮನೆಯೇ ಆಗಲಿ, ಪ್ರವಾಸದ ಖರ್ಚಿನ ಪಟ್ಟಿಯಲ್ಲಿ ತಪ್ಪಿಹೋಗುವ ದುಡಿಮೆಯನ್ನು ಮೊದಲ ಸಾಲಿನಲ್ಲಿ ಬರೆಯಬೇಕು. ಟಿಕೆಟ್ಟಿಗಿಂತ ಅದೇ ದೊಡ್ಡದಿರುತ್ತದೆ.

ಹೀಗೆ ನಮ್ಮ ತಾರೀಖನ್ನು ಮಗ್ಗವೇ ಗೊತ್ತುಮಾಡಿತು: ಸಂಕ್ರಾಂತಿ ಕಳೆದ ವಾರ. ಕರಾವಳಿಯಲ್ಲಿ ಕ್ರಿಸ್‌ಮಸ್, ಹೊಸವರ್ಷದ ಜನಜಂಗುಳಿ ಅಷ್ಟರಲ್ಲಿ ಕರಗಿ ರೂಮಿನ ಬಾಡಿಗೆ ಇಳಿದಿರುತ್ತದೆ. ವಾರದ ನಡುವೆ ಹೋದರೆ ಇನ್ನೂ ಕಡಿಮೆ. ಮಕ್ಕಳಿಗೆ ಶಾಲೆಯಲ್ಲಿ ಮೊದಲೇ ಹೇಳಿ ರಜೆ ಕೇಳಿಕೊಂಡೆವು.

ದಾರಿಯನ್ನು ಕೋಟೆಯಿಂದ ಕಡಲಿಗೆ ಎಂದು ಹಾಕಿಕೊಂಡಿದ್ದೆವು. ಮನೆಯಿಂದ ಮೂವತ್ತು ಕಿಲೋಮೀಟರ್ ಆಸುಪಾಸಿನ ಚಿತ್ರದುರ್ಗದಲ್ಲಿ ಶುರು. ಅಲ್ಲಿಂದ ಶಿವಮೊಗ್ಗ ದಾಟಿ ಬಿದನೂರು, ಅಂದರೆ ಈಗಿನ ನಗರ. ಕೊಲ್ಲೂರಿನ ಮೇಲೆ ಘಟ್ಟ ಇಳಿದು ಕುಂದಾಪುರ, ಮಂಗಳೂರು, ಕೊನೆಗೆ ಕಾಸರಗೋಡು ಜಿಲ್ಲೆಯ ಬೇಕಲ. ಕೆಳದಿಯ ಅರಸರು ಬಿದನೂರಿನಲ್ಲಿ ಕೂತು ಆಳಿದ್ದು ಕಡಲಿನ ಈ ಅಂಚಿನವರೆಗೆ. ಬೇಕಲದ ಕೋಟೆಯನ್ನು 1650ರ ಸುಮಾರಿಗೆ ಕಟ್ಟಿಸಿದವನು ಶಿವಪ್ಪ ನಾಯಕ ಎನ್ನುತ್ತಾರೆ. ಹೈದರಾಲಿ 1763ರಲ್ಲಿ ಬಿದನೂರನ್ನೂ 1779ರಲ್ಲಿ ಚಿತ್ರದುರ್ಗವನ್ನೂ ಗೆದ್ದ. 1956ರಲ್ಲಿ ಕೇರಳಕ್ಕೆ ಸೇರುವ ತನಕ ಬೇಕಲ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಇಷ್ಟು ತಿಳಿದುಕೊಂಡು ಹೊರಟರೆ ಮೂರು ಕೋಟೆಗಳು ಒಂದೇ ಕತೆಯಾಗಿ ಕಾಣುತ್ತವೆ, ಮಕ್ಕಳಿಗೂ ನೆನಪಿನಲ್ಲಿ ಉಳಿಯುತ್ತದೆ.

ಈಗ ಗಾಡಿಯ ಮಾತು, ಜೇಬಿಗೆ ದೊಡ್ಡ ತೂತು ಬೀಳುವುದು ಇಲ್ಲೇ. ಹೊರ ಊರಿಗೆ ಹೋಗುವ ಬಾಡಿಗೆ ಕಾರಿನವರು ದಿನಕ್ಕೆ ಕನಿಷ್ಠ 250 ಅಥವಾ 300 ಕಿಲೋಮೀಟರ್ ಲೆಕ್ಕ ಹಿಡಿಯುತ್ತಾರೆ. ನೀವು ಬೀಚಿನಲ್ಲಿ ಕೂತು ದಿನವಿಡೀ 40 ಕಿಲೋಮೀಟರ್ ಓಡಾಡಿದರೂ ಕಟ್ಟುವುದು 300ಕ್ಕೆ. ಕಿಲೋಮೀಟರಿಗೆ 16 ರೂಪಾಯಿ ಎಂದರೂ ದಿನಕ್ಕೆ 4,800, ಮೇಲೆ ಡ್ರೈವರ್ ಬಾಟಾ, ಟೋಲ್, ಪಾರ್ಕಿಂಗ್. ಗಡಿ ದಾಟಿದರೆ ಕೇರಳದ ತೆರಿಗೆ ಯಾರು ಕಟ್ಟಬೇಕು ಎಂಬುದನ್ನೂ ಮೊದಲೇ ಕೇಳಿಕೊಳ್ಳಬೇಕು. ದೂರದ ಓಟಕ್ಕೆ ಬಸ್ಸು, ರೈಲು ಹಿಡಿದು, ಹೋದಲ್ಲಿ ಆಟೊ ಅಥವಾ ಅರ್ಧ ದಿನದ ಕಾರು ಮಾಡಿಕೊಂಡರೆ ಈ ಖರ್ಚು ಬಹಳ ಇಳಿಯುತ್ತದೆ. ನಾವು ಹಾಗೇ ಮಾಡಿದೆವು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಅಮ್ಮ, ಹೆಂಡತಿ, ಮಗಳು ಮೂವರೂ ಆಧಾರ್ ತೋರಿಸಿ ಸರ್ಕಾರಿ ಬಸ್ಸಿನಲ್ಲಿ ಶಿವಮೊಗ್ಗದವರೆಗೆ ಟಿಕೆಟ್ಟಿಗೆ ಕಾಸು ಕೊಡದೆ ಬಂದರು. ಆದರೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿಗೆ ಮಾತ್ರ ಅದು ಅನ್ವಯ, ರಾಜಹಂಸ, ಸ್ಲೀಪರ್‌ಗೆ ಇಲ್ಲ. ಇನ್ನೊಂದು ವಿಷಯ ನಮ್ಮ ಬಯಲುಸೀಮೆಯವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ: ಮಲೆನಾಡು, ಕರಾವಳಿಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅಲ್ಲಿ ಎಲ್ಲರಿಗೂ ಟಿಕೆಟ್ ಉಂಟು. ಶಕ್ತಿಯನ್ನೇ ನಂಬಿ ಬಸ್ಸಿನ ಖರ್ಚನ್ನು ಸೊನ್ನೆ ಎಂದು ಬರೆದುಕೊಂಡು ಹೊರಡಬೇಡಿ. ಮಂಗಳೂರಿನಿಂದ ಮುಂದಕ್ಕೆ ರೈಲೇ ಸುಲಭ. ಬೇಕಲ ಫೋರ್ಟ್ ಎಂಬ ಹೆಸರಿನ ನಿಲ್ದಾಣವೇ ಇದೆ. ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ, ಸಮಯ ನೋಡಿಕೊಳ್ಳಬೇಕು.

ಕೋಟೆ ನೋಡಲು ಆಗುವ ಖರ್ಚು ಇವುಗಳ ಮುಂದೆ ಏನೂ ಅಲ್ಲ. ಚಿತ್ರದುರ್ಗ, ಬೇಕಲ ಎರಡೂ ಕೇಂದ್ರದ ಪುರಾತತ್ವ ಇಲಾಖೆಯವು. ತಲೆಗೆ 25 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ದುರ್ಗದಲ್ಲಿ ನಾನು ಗೈಡ್ ಮಾಡಿಕೊಂಡೆ, ಆ ದುಡ್ಡು ಸಾರ್ಥಕವಾಯಿತು. ಮದ್ದು ಅರೆಯುತ್ತಿದ್ದ ದೊಡ್ಡ ಬೀಸುಕಲ್ಲುಗಳ ಗುಂಡಿಯೊಳಕ್ಕೆ ಮಕ್ಕಳನ್ನು ಇಳಿಸಿ, ಕಲ್ಲನ್ನು ತಿರುಗಿಸುತ್ತಿದ್ದದ್ದು ಹೇಗೆ ಎಂದು ಅವರು ವಿವರಿಸಿದರು. ಗೈಡ್ ಇಲ್ಲದಿದ್ದರೆ ಅದನ್ನು ಬರೀ ಗುಂಡಿ ಎಂದುಕೊಂಡು ಮುಂದೆ ಹೋಗಿರುತ್ತಿದ್ದೆವು. ಉಳಿಸುವುದಾದರೆ ಗಾಡಿಯಲ್ಲಿ ಉಳಿಸಿ, ತಿಳಿದವರ ಮಾತಿಗೆ ಕೊಡುವ ದುಡ್ಡಿನಲ್ಲಿ ಬೇಡ.

ಬೇಕಲದ ಗೋಡೆ ನಮ್ಮ ದುರ್ಗದಂತೆ ಗಟ್ಟಿ ಕಣಶಿಲೆಯದಲ್ಲ, ತೂತು ತೂತಾದ ಕೆಂಪು ಮುರಕಲ್ಲಿನದು. ಅಮ್ಮ ಅದರ ಮೇಲೆ ಅಂಗೈ ಉಜ್ಜಿ, ಬೆರಳಿಗೆ ಹತ್ತಿದ ಕೆಂಪು ಪುಡಿ ನೋಡಿ, "ಇಂಥ ಕಲ್ಲು ಇಟ್ಕಂಡು ಸಮುದ್ರದ ಗಾಳಿಗೆ ನಿಂತೈತಲ್ಲಪ್ಪ" ಎಂದು ಬಹಳ ಹೊತ್ತು ಗೋಡೆಯ ಪಕ್ಕದಲ್ಲೇ ನಡೆದರು. ಮಂಡಿ ನೋವಿನವರು ಅವರು. ನಡುವಿನ ವೀಕ್ಷಣಾ ಬುರುಜಿಗೆ ಮೆಟ್ಟಿಲಲ್ಲ, ಇಳಿಜಾರಾದ ದಾರಿ ಇದೆ. ಭಾಮೈದನ ಕೈ ಹಿಡಿದು ಅದನ್ನೂ ಹತ್ತಿದರು.

ಮರಳಿದ ಮೇಲೆ ಮಗಳು ಫೋನಿನಲ್ಲಿ ಸೇಂಟ್ ಮಾಲೊ ಎಂಬ ಊರನ್ನು ತೋರಿಸಿದಳು. ಫ್ರಾನ್ಸಿನ ಪಶ್ಚಿಮ ತುದಿಯ ಬ್ರಿಟನಿ ಪ್ರಾಂತದಲ್ಲಿ, ಸುತ್ತ ಕೋಟೆಗೋಡೆ ಇರುವ ಬಂದರು. 1944ರ ಯುದ್ಧದಲ್ಲಿ ಬಹುಪಾಲು ನೆಲಸಮವಾಗಿ, ಮತ್ತೆ ಹಿಂದಿನ ರೂಪದಲ್ಲೇ ಕಟ್ಟಿದ್ದು. "ಅಪ್ಪಾ, ಇದೂ ಬೇಕಲದ ಥರಾನೇ ಐತಲ್ಲ, ಹೋಗಾಕಾಗುತ್ತಾ?" ಎಂದಳು. ಆಗದು ಎನ್ನಲು ನನಗೆ ಇಷ್ಟವಿಲ್ಲ. ಐದು ವರ್ಷದ ಅಂಚೆ ಆರ್‌ಡಿ ಸರಿಹೊಂದುವುದು ಇಂಥ ಆಸೆಗೇ. ಶೇ 6.7ರ ಬಡ್ಡಿಯಲ್ಲಿ ತಿಂಗಳಿಗೆ 2,000 ಕಟ್ಟಿದರೆ ಕೊನೆಗೆ 1.42 ಲಕ್ಷದಷ್ಟು ಬರುತ್ತದೆ. ಇಡೀ ಮನೆಗೆ ಸಾಲದು. ಓದು ಮುಗಿಸುವ ಹೊತ್ತಿಗೆ ಅವಳೊಬ್ಬಳು ಹೋಗಿಬರಲು ದೊಡ್ಡ ಆಸರೆ. ಯೂರೋ ದುಬಾರಿಯಾದರೆ ಮೇಲೆ ಸೇರಿಸಬೇಕಾಗುತ್ತದೆ.

ಷೆಂಗೆನ್ ವೀಸಾಕ್ಕೆ ದೊಡ್ಡವರಿಗೆ 90 ಯೂರೋ ಶುಲ್ಕ, ಜೊತೆಗೆ ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ. ಇವೆರಡಕ್ಕಿಂತ ನಮ್ಮಂಥ ಮನೆಗಳಿಗೆ ಕಷ್ಟವಾಗುವುದು ಬ್ಯಾಂಕ್ ಸ್ಟೇಟ್‌ಮೆಂಟ್. ವರ್ಷವಿಡೀ ಖಾಲಿ ಇದ್ದ ಖಾತೆಗೆ ಅರ್ಜಿ ಹಾಕುವ ಮುಂಚೆ ಒಮ್ಮೆಲೇ ದೊಡ್ಡ ಮೊತ್ತ ಬಂದರೆ ಅದು ಕೈಗಡ ತಂದದ್ದು ಎಂಬ ಅನುಮಾನ ಹುಟ್ಟುತ್ತದೆ. ಶೇಂಗಾ ದುಡ್ಡು ಬರುವುದೇ ಹಾಗೆ, ಒಂದೇ ಸಲ. ಅದಕ್ಕೇ ಈ ವರ್ಷದಿಂದ ಮಾರಾಟದ ಹಣವನ್ನು ನಗದಾಗಿ ತೆಗೆದುಕೊಳ್ಳದೆ ಖಾತೆಗೇ ಹಾಕಿಸುತ್ತಿದ್ದೇನೆ. ಎಪಿಎಂಸಿಯ ಬಿಲ್ಲು, ಪಹಣಿಯ ಪ್ರತಿ ಒಂದು ಫೈಲಿನಲ್ಲಿ ಸೇರುತ್ತಿವೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದಿದ್ದರೂ ರಿಟರ್ನ್ಸ್‌ನಲ್ಲಿ ಅದನ್ನು ತೋರಿಸುತ್ತೇನೆ. ಭಾಮೈದನಿಗೂ ಕೂಲಿಯನ್ನು ಖಾತೆಗೆ ಹಾಕಿಸಿಕೋ ಎಂದಿದ್ದೇನೆ. ಅವನ ಮಗನೂ ಹತ್ತನೇ ತರಗತಿಯಲ್ಲಿದ್ದಾನೆ.