ಮಕರೇನಾ ಯಾರು, ‘ಗೋರೆ ಗೋರೆ’ ಎಲ್ಲಿಂದ ಬಂತು?

ಪ್ರಶ್ನೆ: ಮಗಳ ಶಾಲೆಯ ಗ್ಯಾದರಿಂಗ್‌ಗೆ ‘ಮಕರೇನಾ’ ಹಾಡಿನ ಕುಣಿತ ಕಲಿಸುತ್ತಿದ್ದಾರೆ. ಮನೆಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಅದೇ ಹಾಡು. ಅದರ ಅರ್ಥವೇನು? ‘ಇಂಥ ತಾಳ ನಮ್ಮ ಕಾಲದ ಹಿಂದಿ ಹಾಡಲ್ಲೂ ಇತ್ತು’ ಅನ್ನುತ್ತಾರೆ ನಮ್ಮ ಅತ್ತೆ. ನಿಜವೇ?
– ಓದುಗರೊಬ್ಬರು, ವಿಕ್ರೋಳಿ

ಉತ್ತರ: ಅತ್ತೆಯವರು ಹೇಳಿದ್ದು ನಿಜ, ಅದರಲ್ಲಿ ಕನ್ನಡದ ಹೆಣ್ಣುಮಗಳೊಬ್ಬಳ ಪಾಲೂ ಇದೆ. ಮೊದಲು ಮಗಳ ಹಾಡು ನೋಡೋಣ.

ಸ್ಪೇನಿನ ಸೆವಿಲ್ ನಗರಕ್ಕೆ ಹತ್ತಿರದ ದೋಸ್ ಎರ್ಮಾನಾಸ್ ಎಂಬ ಊರಿನ ಅಂತೋನಿಯೊ ರೊಮೆರೊ, ರಫಾಯೆಲ್ ರೂಯಿಸ್ ಎಂಬ ಗೆಳೆಯರ ಜೋಡಿ ‘ಲೋಸ್ ದೆಲ್ ರಿಯೊ’. ಅವರು 1992ರಲ್ಲಿ ವೆನೆಜುವೆಲಾಕ್ಕೆ ಹೋಗಿದ್ದಾಗ ಒಂದು ಔತಣಕೂಟದಲ್ಲಿ ಅಲ್ಲಿನ ಫ್ಲಮೆಂಕೊ ಕಲಾವಿದೆಯೊಬ್ಬರು ಕುಣಿದರು. ನೋಡುತ್ತ ಕೂತಿದ್ದ ರೊಮೆರೊ ಅಲ್ಲೇ ಪಲ್ಲವಿ ಕಟ್ಟಿ ಹಾಡಿಬಿಟ್ಟರು. ದೇಹ ಇರುವುದು ಸಂತೋಷಪಡುವುದಕ್ಕೆ, ಅದಕ್ಕೆ ಆ ಸಂತೋಷ ಕೊಡು ಎಂದು ಹುಡುಗಿಯನ್ನು ಹುರಿದುಂಬಿಸುವ ಪಲ್ಲವಿ ಅದು. ಮಕರೇನಾ ಎಂಬುದು ಹಾಡಿನಲ್ಲಿ ಬರುವ ಆ ಹುಡುಗಿಯ ಹೆಸರು. ಸೆವಿಲ್‌ನಲ್ಲಿ ಈ ಹೆಸರಿನ ಬಡಾವಣೆ ಇದೆ, ಅಲ್ಲಿ ಜನ ಬಹಳ ನಂಬುವ ಮೇರಿ ಮಾತೆಯ ಮೂರ್ತಿಯೂ ಇದೆ. ಹಾಗಾಗಿ ಆ ಸೀಮೆಯಲ್ಲಿ ಹೆಣ್ಣುಮಕ್ಕಳಿಗೆ ಈ ಹೆಸರಿಡುವುದು ರೂಢಿ.

ಪಲ್ಲವಿ ಇಷ್ಟು ಸರಳವಾದರೂ ಚರಣಗಳಲ್ಲಿ ಒಂದು ಕತೆಯೇ ಇದೆ. ಮಕರೇನಾಳಿಗೆ ವಿತೊರಿನೊ ಎಂಬ ಪ್ರಿಯಕರ. ಆಗ ಸ್ಪೇನಿನಲ್ಲಿ ಗಂಡುಮಕ್ಕಳಿಗೆ ಸೈನ್ಯದ ಸೇವೆ ಕಡ್ಡಾಯ. ಅವನು ಸೈನ್ಯಕ್ಕೆ ಸೇರಿ ಧ್ವಜದ ಮುಂದೆ ಪ್ರತಿಜ್ಞೆ ಮಾಡುತ್ತಿರುವ ಹೊತ್ತಿಗೆ ಇವಳು ಇನ್ನಿಬ್ಬರು ಗೆಳೆಯರ ಜತೆ ಸೇರಿ ಅವನಿಗೆ ಮೋಸ ಮಾಡುತ್ತಾಳೆ. ಅವಳಿಗೆ ದೊಡ್ಡ ಅಂಗಡಿಗಳ ಹೊಸ ಫ್ಯಾಷನ್ ಬಟ್ಟೆ ಬೇಕು, ನ್ಯೂಯಾರ್ಕಿನಲ್ಲಿ ಇರಬೇಕು, ಹೊಸ ಪ್ರಿಯಕರನೂ ಬೇಕು. ಹಾಡು 1993ರಲ್ಲಿ ಹೊರಬಂತು. ಅಮೆರಿಕದ ‘ಬೇಸೈಡ್ ಬಾಯ್ಸ್’ ಇಂಗ್ಲಿಷ್ ಸಾಲು ಸೇರಿಸಿ ರೀಮಿಕ್ಸ್ ಮಾಡಿದ ಮೇಲೆ 1996ರಲ್ಲಿ ಅಲ್ಲಿನ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನದಲ್ಲಿ 14 ವಾರ ನಿಂತಿತು.

ಮಕ್ಕಳು ಕುಣಿಯಬಹುದೇ ಎಂಬ ಅಳುಕು ನಿಮಗಿದ್ದರೆ, ಧಾರಾಳವಾಗಿ ಕುಣಿಯಲಿ ಎನ್ನುತ್ತೇನೆ. ಕೈ ಮುಂದೆ ಚಾಚಿ, ಅಂಗೈ ಮೇಲೆ ಮಾಡಿ, ಭುಜ ಮುಟ್ಟಿ, ತಲೆ ಮುಟ್ಟಿ, ಸೊಂಟಕ್ಕೆ ಕೈಯಿಟ್ಟು, ಒಂದು ಜಿಗಿತ ಜಿಗಿದು ಪಕ್ಕಕ್ಕೆ ತಿರುಗುವ ಆ ಕುಣಿತಕ್ಕೂ ವಿತೊರಿನೊನ ಸಂಕಟಕ್ಕೂ ಏನೇನೂ ಸಂಬಂಧವಿಲ್ಲ. ಆದರೆ ಚರಣಗಳನ್ನು ಬಾಯಿಪಾಠ ಮಾಡಿಸುತ್ತಿದ್ದರೆ ಅದರ ಅರ್ಥ ಟೀಚರಿಗೆ ಗೊತ್ತಿರಲಿ.

ಇನ್ನು ಅತ್ತೆಯವರ ಕಾಲದ, ಇಂಥದೇ ಲ್ಯಾಟಿನ್ ತಾಳದ ಹಿಂದಿ ಹಾಡು. 1950ರ ‘ಸಮಾಧಿ’ ಚಿತ್ರದ ‘ಗೋರೆ ಗೋರೆ ಓ ಬಾಂಕೆ ಛೋರೆ’ ಅವರಿಗೆ ಖಂಡಿತ ನೆನಪಿರುತ್ತದೆ. ಸಂಗೀತ ಸಿ. ರಾಮಚಂದ್ರ, ಸಾಹಿತ್ಯ ರಾಜೇಂದ್ರ ಕೃಷ್ಣ. ಅದರ ಧಾಟಿಗೆ ಮೂಲ ‘ಚಿಕೊ ಚಿಕೊ’ ಎಂಬ ಹಾಡು. ಪೋರ್ಟೊ ರಿಕೊದ ಚಿಕೊನ ಮೇಲಿನ ಆ ಹಾಡು ಹುಟ್ಟಿದ್ದು ಪೋರ್ಟೊ ರಿಕೊದಲ್ಲಲ್ಲ, ಹಾಲಿವುಡ್‌ನಲ್ಲಿ. 1945ರ ‘ಡಾಲ್ ಫೇಸ್’ ಚಿತ್ರಕ್ಕೆ ಜಿಮ್ಮಿ ಮೆಕ್‌ಹ್ಯೂ ರಾಗ ಹಾಕಿದರು, ಹೆರಾಲ್ಡ್ ಆಡಮ್ಸನ್ ಬರೆದರು, ಬ್ರೆಜಿಲ್‌ನ ಕಾರ್ಮೆನ್ ಮಿರಾಂಡಾ ಹಾಡಿದರು. ಲಂಡನ್ನಿನಲ್ಲಿ ಲ್ಯಾಟಿನ್ ವಾದ್ಯಮೇಳ ನಡೆಸುತ್ತಿದ್ದ ಎಡ್ಮುಂಡೊ ರಾಸ್ ಕೂಡ ಅದನ್ನು ಹಾಡಿದ್ದರು. ಮುಂಬಯಿಯಲ್ಲಿ ಚಿಕೊ ಮಾಯವಾದ. ರಾಜೇಂದ್ರ ಕೃಷ್ಣರು ಅದೇ ಕುಣಿತದ ಲಯಕ್ಕೆ, ನಮ್ಮ ಗಲ್ಲಿಗೆ ಆಗಾಗ ಬಾ ಎಂದು ಹುಡುಗಿ ಕರೆಯುವ, ಬೇಕಾದರೆ ದಿನಾ ಕರೆ ಎಂದು ಹುಡುಗ ಮರುನುಡಿಯುವ ಸರಸವನ್ನು ಕೂರಿಸಿದರು.

ಹುಡುಗಿಯ ಸಾಲು ಲತಾ ಮಂಗೇಶ್ಕರ್ ಅವರದು. ಹುಡುಗನ ಉತ್ತರ ಅಮೀರ್‌ಬಾಯಿ ಕರ್ನಾಟಕಿಯವರದು. ಅಮೀರ್‌ಬಾಯಿ ಬೀಳಗಿಯವರು. ಆಗ ವಿಜಾಪುರ ಜಿಲ್ಲೆಯಲ್ಲಿದ್ದ ಆ ಊರು ಈಗ ಬಾಗಲಕೋಟೆಗೆ ಸೇರಿದೆ. 1943ರ ‘ಕಿಸ್ಮತ್’ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದವರು. ಲತಾ ಅವರ ದನಿ ಆಗಿನ್ನೂ ಎಳೆಯದು, ಅದರ ಪಕ್ಕದಲ್ಲಿ ಅಮೀರ್‌ಬಾಯಿಯವರ ತುಂಬುದನಿ ಕೇಳಿದ ಕೂಡಲೇ ಬೇರೆಯಾಗಿ ಗೊತ್ತಾಗುತ್ತದೆ. ಮುಂಬಯಿಯ ಲ್ಯಾಟಿನ್ ಹಾಡಿನ ಮಾತು ಬಂದಾಗ ರಾಮಚಂದ್ರರ ಹೆಸರು ಎಲ್ಲರೂ ಹೇಳುತ್ತಾರೆ, ಬೀಳಗಿಯ ಈ ಹೆಸರು ಹೇಳುವವರು ಕಡಿಮೆ. ನನಗೆ ಇದು ನಿಜಕ್ಕೂ ಬೇಸರದ ಸಂಗತಿ. ರಹಮತ್ ತರೀಕೆರೆಯವರು ಅಮೀರ್‌ಬಾಯಿಯವರ ಜೀವನವನ್ನು ಕುರಿತು ಕನ್ನಡದಲ್ಲಿ ಪುಸ್ತಕ ಬರೆದಿದ್ದಾರೆ. ಸಿಕ್ಕರೆ ತಂದು ಅತ್ತೆಯವರಿಗೆ ಕೊಡಿ.